ಆಲಿವ್ ಕಾಯಿಯ ನೊಣವೂ ಮಾವಿನ ಹಣ್ಣಿನ ನೊಣವೂ

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಇಟಲಿ, ಗ್ರೀಸ್, ಸ್ಪೇನ್, ಟುನೀಷಿಯಾ ಮೊದಲಾದ ನಾಡುಗಳ ರೈತನಿಗೆ ಆಲಿವ್ ಮರವೆಂದರೆ ನಮ್ಮವರಿಗೆ ತೆಂಗು ಇದ್ದಂತೆ. ಅಡಿಗೆಯ ಎಣ್ಣೆಯೂ ಅದರಿಂದಲೇ, ವರ್ಷದ ಆದಾಯವೂ ಅದರಿಂದಲೇ. ಅಜ್ಜ ನೆಟ್ಟ ಮರದ ಕಾಯನ್ನು ಮೊಮ್ಮಗ ಕೊಯ್ಯುವುದು ಅಲ್ಲಿ ಸಾಮಾನ್ಯ ಸಂಗತಿ. ಇಂತಹ ಮರದ ಪರಮಶತ್ರುವೆಂದರೆ ಸುಮಾರು 5 ಮಿಲಿಮೀಟರ್ ಉದ್ದದ ಒಂದು ನೊಣ.

ಈ ನೊಣದ ಹೆಣ್ಣು ಹಸಿರು ಕಾಯಿಯ ಸಿಪ್ಪೆಯನ್ನು ಚುಚ್ಚಿ, ಸಾಮಾನ್ಯವಾಗಿ ಕಾಯಿಗೊಂದರಂತೆ ಮೊಟ್ಟೆಯಿಡುತ್ತದೆ. ಗಾಯದಿಂದ ಒಸರಿದ ರಸವನ್ನು ತಾನೇ ಕಾಯಿಯ ಮೇಲೆ ಸವರುತ್ತದೆ. ಅದರ ಸುಳಿವು ಹಿಡಿದ ಬೇರೆ ನೊಣ ಅಲ್ಲಿ ಮೊಟ್ಟೆಯಿಡಲು ಹಿಂಜರಿಯುತ್ತದೆ. ಈ ಮನೆಯಲ್ಲಿ ಸ್ಥಳವಿಲ್ಲವೆಂದು ಬಾಗಿಲ ಮೇಲೆ ಬರೆದಂತೆ! ಹುಳು ತಿರುಳನ್ನು ಕೊರೆಯುತ್ತ ಬೆಳೆಯುತ್ತದೆ. ಕಾಯಿ ಅಕಾಲದಲ್ಲಿ ಉದುರುತ್ತದೆ. ಉದುರದೆ ಉಳಿದವುಗಳ ಎಣ್ಣೆಯಲ್ಲಿ ಹುಳಿಯಂಶ ಏರಿ ಬೆಲೆ ಇಳಿಯುತ್ತದೆ. 2014ರ ಬೇಸಿಗೆ ಇಟಲಿಯಲ್ಲಿ ತಂಪಾಗಿಯೂ ಮಳೆಯಿಂದ ಕೂಡಿಯೂ ಇದ್ದಿತು. ಕಡುಬಿಸಿಲಿಗೆ ಸಾಯಬೇಕಾಗಿದ್ದ ಮೊಟ್ಟೆ, ಹುಳುಗಳು ಉಳಿದುಕೊಂಡು, ಆ ವರ್ಷದ ಬೆಳೆ ನೆಲಕಚ್ಚಿತು.

ಹಸಿ ಆಲಿವ್ ಕಾಯಿ ವಿಪರೀತ ಕಹಿ. ಓಲಿಯುರೋಪೀನ್ ಎಂಬ ಆ ಕಹಿಯೇ ಅದರ ಕಾವಲು. ಹಾಗಾದರೆ ಈ ಹುಳು ಅದನ್ನು ಅರಗಿಸಿಕೊಳ್ಳುವುದು ಹೇಗೆ? 1909ರಲ್ಲಿ ಇಟಲಿಯ ಪೆತ್ರಿ ಎಂಬ ವಿದ್ವಾಂಸರು ನೊಣದ ತಲೆಯೊಳಗಿನ ಪುಟ್ಟ ಚೀಲವೊಂದರಲ್ಲಿ ಬ್ಯಾಕ್ಟೀರಿಯಗಳು ತುಂಬಿರುವುದನ್ನು ಕಂಡರು. ತಾಯಿ ಮೊಟ್ಟೆಯಿಡುವಾಗ ಅವು ಮೊಟ್ಟೆಗೆ ಅಂಟಿ ಮರಿಯನ್ನು ಸೇರುತ್ತವೆ. ಆ ಬ್ಯಾಕ್ಟೀರಿಯಕ್ಕೆ ಶಾಸ್ತ್ರೀಯ ನಾಮಕರಣವಾದದ್ದು 2005ರಲ್ಲಿ. ಅವುಗಳಿಲ್ಲದ ಹುಳು ಮಾಗಿದ ಕಪ್ಪು ಹಣ್ಣಿನಲ್ಲಿ ಬೆಳೆಯಬಲ್ಲದು, ಹಸಿರು ಕಾಯಿಯಲ್ಲಿ ಬೆಳೆಯಲಾರದು ಎಂದು ಇಸ್ರೇಲಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಕಂಡದ್ದು ಅರ್ಥವಾಗಲು ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು.

ಇದು ಕೇವಲ ವಿದ್ವಾಂಸರ ಕುತೂಹಲವಲ್ಲ. ದಶಕಗಳ ಕಾಲ ಅಲ್ಲಿನ ರೈತರು ನೆಚ್ಚಿದ್ದ ಡೈಮಿಥೋಯೇಟ್ ಎಂಬ ವಿಷಕ್ಕೆ ಐರೋಪ್ಯ ಒಕ್ಕೂಟವು 2019ರಲ್ಲಿ ಅನುಮತಿಯನ್ನು ನವೀಕರಿಸಲಿಲ್ಲ. ಬಿಳಿ ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ ಕಾಯಿಗಳಿಗೆ ಸಿಂಪಡಿಸುವುದು, ಆಮಿಷವಿಟ್ಟ ಬಲೆಗಳನ್ನು ಕಟ್ಟುವುದು, ಕೊಯ್ಲನ್ನು ಮುಂಚಿತವಾಗಿ ಮುಗಿಸುವುದು ಈಗ ಉಳಿದಿರುವ ಮಾರ್ಗಗಳಲ್ಲಿ ಕೆಲವು. ನೊಣದ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಆಫ್ರಿಕದ ಪುಟ್ಟ ಕಣಜಗಳನ್ನೂ ತಂದು ಬಿಟ್ಟಿದ್ದಾರೆ. ಆದರೆ ಫಲ ಆಶಿಸಿದಷ್ಟಿಲ್ಲ. ಕಾಡು ಆಲಿವಿನ ಕಾಯಿ ಸಣ್ಣದು, ತಿರುಳು ತೆಳುವು. ಅಲ್ಲಿ ಕಣಜದ ಮುಳ್ಳು ಹುಳುವನ್ನು ಮುಟ್ಟುತ್ತದೆ. ಮನುಷ್ಯನು ಆಯ್ದು ಆಯ್ದು ದಪ್ಪ ಮಾಡಿದ ಕಾಯಿಯಲ್ಲಿ ಹುಳು ಆಳಕ್ಕಿಳಿದು ಬಚಾವಾಗುತ್ತದೆ! ತಿರುಳಿನ ಆಸೆಯಿಂದ ನಾವೇ ವೈರಿಗೆ ಕೋಟೆ ಕಟ್ಟಿಕೊಟ್ಟೆವೆನ್ನಬೇಕು.

ನಮ್ಮ ವಾಚಕರಿಗೆ ಆಲಿವ್ ಅಪರಿಚಿತವಾದರೂ ಈ ಕುಲದ ಪರಿಚಯವಿಲ್ಲದಿಲ್ಲ. ಹೊರಗೆ ಹೊಂಬಣ್ಣದಿಂದಿದ್ದು ಒಳಗೆ ಬಿಳಿಹುಳು ಮಿಜಿಗುಟ್ಟುವ ಮಾವಿನ ಹಣ್ಣನ್ನು ಕಾಣದ ಮನೆಯುಂಟೆ? ಅದು ಬ್ಯಾಕ್ಟ್ರೋಸೆರಾ ಎಂಬ ಅದೇ ಕುಲದ ನೊಣದ ಕೃತ್ಯ. ಆಲಿವ್ ನೊಣ ಆಲಿವ್ ಒಂದನ್ನೇ ನಂಬಿದ್ದರೆ, ಇದು ಮಾವು, ಸೀಬೆ ಮೊದಲ್ಗೊಂಡು ಅನೇಕ ಹಣ್ಣುಗಳಿಗೆ ಬೀಳುತ್ತದೆ. ಭಾರತದ ಸರಕಿನಲ್ಲಿ ಇಂತಹ ಹಣ್ಣಿನ ನೊಣಗಳು ಸಿಕ್ಕಿದವೆಂದು ಐರೋಪ್ಯ ಒಕ್ಕೂಟವು 2014ರ ಮೇ ತಿಂಗಳಿನಿಂದ ನಮ್ಮ ಮಾವನ್ನು ನಿಷೇಧಿಸಿ, 2015ರ ಆರಂಭದಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು.

ಇದನ್ನು ಹಿಡಿಯುವ ಉಪಾಯದ ಮೂಲ ನಮ್ಮ ದೇಶದಲ್ಲೇ ಇದೆ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು, ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು 1912ರಲ್ಲಿ ಪ್ರಕಟಿಸಿದರು. ಆ ಸೆಳೆತಕ್ಕೆ ಕಾರಣ ಮೀಥೈಲ್ ಯೂಜಿನಾಲ್ ಎಂಬ ಪರಿಮಳದ್ರವ್ಯವೆಂದು 1915ರಲ್ಲಿ ತಿಳಿಸಿದರು. ಇಂದು ತೋಟಗಳಲ್ಲಿ ತೂಗುವ ಡಬ್ಬಿಗಳೊಳಗಿನ ಮರದ ತುಂಡಿಗೆ ಉಣಿಸುವುದು ಇದನ್ನೇ. ಗಂಡುಗಳು ಅದರಲ್ಲಿ ಬಿದ್ದು ಸಾಯುತ್ತವೆ. ಹೆಣ್ಣುಗಳಿಗೆ ಜೊತೆ ಸಿಗದೆ ಸಂತಾನ ಕುಗ್ಗುತ್ತದೆ. ಆದರೆ ಒಬ್ಬರು ಕಟ್ಟಿ ನೆರೆಯವರು ಸುಮ್ಮನಿದ್ದರೆ, ಆಚೆ ಕೂಡಿದ ಹೆಣ್ಣು ನೊಣ ಬೇಲಿ ದಾಟಿ ಬಂದೇ ಬರುತ್ತದೆ. ಜೊತೆಗೆ, ಉದುರಿದ ಹಣ್ಣನ್ನು ಮರದ ಬುಡದಲ್ಲಿಯೇ ಬಿಡುವ ರೂಢಿ ನಮ್ಮಲ್ಲಿ ಹೆಚ್ಚು. ಅದರೊಳಗಿನ ಹುಳು ಮಣ್ಣಿಗಿಳಿದು ಕೋಶವಾಗಿ, ಕೆಲವೇ ದಿನಗಳಲ್ಲಿ ನೊಣವಾಗಿ ಏಳುತ್ತದೆ. ಬಿದ್ದದ್ದನ್ನು ಅಂದಂದೇ ಆರಿಸಿ, ಆಳವಾದ ಗುಂಡಿಯಲ್ಲಿ ಹೂಳಬೇಕು. ಈ ಕೆಲಸಕ್ಕೆ ಮನೆಯ ಮಕ್ಕಳೂ ಸಾಕು.