ಮನಿ ಮಾರೂ ಮುಂದ ಪಾವಟಿಗಿಗೆ ಬೆಳಕು ಹಾಕಸ್ರಿ

ಮನಿ ಮಾರೂದು ಅಂತ ಆತಂದ್ರ ನಮ್ಮ ಧಾರವಾಡದ ಗಂಡಸ್ರು ಮೊದಲ ಬಣ್ಣ ಹಚ್ಚಸ್ತಾರ. ಆಮ್ಯಾಲೆ ಮಾಳಗಿ ಮ್ಯಾಲಿಂದ ಒಂದು ದೊಡ್ಡ ಫ್ಲಡ್ ಲೈಟ್ ಬಿಡ್ತಾರ. ಬಣ್ಣಕ್ಕ ನನ್ನ ತಕರಾರಿಲ್ಲ. ಈ ಲೈಟಿನ ಖರ್ಚು ಮಾತ್ರ ದಂಡ ಅಂತ ನನ್ನ ಅಭಿಪ್ರಾಯ.

ಈಗ ಮನಿ ನೋಡ್ಲಿಕ್ಕೆ ಬರಾವ್ರು ಬಹಳಷ್ಟು ಮಂದಿ ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಆಫೀಸ್ ಬಿಟ್ಟು ಬರೂದ್ರಾಗ ಏಳು ಹೊಡದಿರತದ. ಗಂಡ ಬೋರಿನ ನೀರು, ಕಾರು ನಿಲ್ಲಸೂ ಜಾಗಾ ಅಂತ ಕೇಳಕೋತ ನಿಂತಿರತಾನ. ಹೆಣಮಗಳು ಏನೂ ಕೇಳಂಗಿಲ್ಲ, ಗೇಟಿನಿಂದ ಬಾಗಲತನಕ ಸುಮ್ನ ನಡಕೊಂಡು ಬರತಾಳ. ಒಬ್ಬಾಕಿನ ತಡಾಮಾಡಿ ಬಂದ್ರ ಚಿಲಕ ಕಾಣತದೋ ಇಲ್ಲೋ, ಕೀಲಿ ತಗೀಲಿಕ್ಕೆ ಮೊಬೈಲ್ ಬ್ಯಾಟರಿ ಹಚ್ಚಬೇಕೋ, ಗ್ವಾಡಿ ಬಾಜೂಕ ಯಾರರೆ ನಿಂತ್ರ ಗೊತ್ತಾಗತದೋ ಅಂತ ಆಕಿ ಒಳಗೊಳಗ ಲೆಕ್ಕ ಹಾಕತಿರತಾಳ. ಮನಿ ಬೇಕೋ ಬ್ಯಾಡೋ ಅನ್ನೂದು ಅರ್ಧ ಅಲ್ಲೇ ಮುಗದಿರತದ.

ಫ್ಲಡ್ ಲೈಟ್ ಇದಕ್ಕ ಉತ್ತರ ಅಲ್ಲ. ಅದು ಕಣ್ಣಿಗೆ ಹೊಡಿತದ, ಪಾವಟಿಗಿ ಅಂಚಿನ್ಯಾಗ ನೆರಳು ಇನ್ನೂ ಕರ್ರಗಾಗತದ. 50 ವ್ಯಾಟಿಂದು ದಿನಾ ಹತ್ತು ತಾಸು ಉರದ್ರ ತಿಂಗಳಿಗೆ 15 ಯುನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಮೂರು ಯುನಿಟ್ಟೂ ಆಗೂದಿಲ್ಲ. ಗೇಟಿಗೊಂದು, ಪಾವಟಿಗಿಗೊಂದು, ಕೀಲಿ ಹಾಕೂ ಕಡೆ ಒಂದು, ಬೆಳಕು ಕೆಳಗ ಬೀಳೂಹಂಗ ಹಾಕಸ್ರಿ, ಸಾಕು. ಡಬ್ಬಿ ಮ್ಯಾಲೆ 3000 ಕೆಲ್ವಿನ್ ಅಂತ ಇರೂ ಹಳದಿ ಬೆಳಕಿಂದು ತಗೊಳ್ರಿ. ಮಳಿಗಾಲದಾಗ ಬಿಳಿ ಬೆಳಕಿಗೆ ಮುಕರೂವಷ್ಟು ಹುಳ ಇದಕ್ಕ ಬರೂದಿಲ್ಲ. ಮಳಿಗೆ ತೊಯ್ಯೂ ಕಡೆ ಐಪಿ65 ಇರೂದ ಬೇಕು. ಕಬ್ಬಿಣದ ಗೇಟಿನ ಹಂತ್ಯಾಕ ವೈರ್ ಹೋಗ್ತಿದ್ರ ಅರ್ಥಿಂಗ್ ನೋಡಿಸದ ಬಿಡಬ್ಯಾಡ್ರಿ, ಸಣ್ಣ ಹುಡುಗ್ರು ಅದ ಗೇಟ್ ಹಿಡದು ಜೋತಾಡತಾವ.

ಕೆಲವರು ತ್ಯಾವ ಹಿಡದ ಗ್ವಾಡಿ ಕಾಣಬಾರದಂತ ಆ ಕಡೆ ಬೇಕಂತನ ಕತ್ತಲಿ ಇಡತಾರ. ಲಕ್ಷಗಟ್ಟಲೆ ರೊಕ್ಕ ಕೊಡಾವ್ರು ಮರುದಿನ ಮುಂಜಾನೆ ಮತ್ತ ಬರೂದಿಲ್ಲೇನು?

ಇನ್ನೊಂದು ಮಾತು, ಯಾರಿಗರೆ ಸಿಟ್ಟು ಬಂದ್ರೂ ಬರಲಿ. ನಮ್ಮ ಬಳಗದಾಗ ಒಬ್ಬ ವೈನಿ ಹಿತ್ತಲದ ಬಚ್ಚಲಕ್ಕ ಹೋಗೂ ಪಾವಟಿಗಿಗೆ ಒಂದು ಬಲ್ಬ್ ಹಾಕಸ್ರಿ ಅಂತ ವರ್ಷಾನುಗಟ್ಟಲೆ ಕೇಳಿದ್ರು. "ಅಲ್ಲಿಗೆ ಯಾರ ಬರ್ತಾರ, ಯಾತಕ್ಕ ದಂಡ ಖರ್ಚು" ಅನ್ನೂದೊಂದ ಉತ್ತರ. ಮನಿ ಮಾರೂ ಮಾತು ನಡದ ವಾರದಾಗ ಅದ ಜಾಗಾಕ್ಕ ಲೈಟ್ ಬಂತು! ದಿನಾ ನಾಲ್ಕು ಸಲ ತುಂಬಿದ ಕೊಡಾ ಹಿಡದು ಇಳಿಯಾಕಿ ಆ ಮನಿಯವರ ಲೆಕ್ಕದಾಗ "ಯಾರೂ" ಅಲ್ಲ ಅಂತಾತು.

ಅದಕ್ಕ ಮಾರೂ ವಿಚಾರ ಇರಲಿ ಬಿಡಲಿ, ಈ ವಾರ ಎಲೆಕ್ಟ್ರಿಷಿಯನ್‌ಗ ಕರೀರಿ. ಹಿತ್ತಲದ ಪಾವಟಿಗಿದು ಮೊದಲ ಆಗಲಿ, ಸ್ವಿಚ್ ಬಾಗಲದ ಒಳಗ ಕೈಗೆ ಸಿಗೂಹಂಗ ಇರಲಿ. ಗೇಟಿಂದು ಆಮ್ಯಾಲೆ ನೋಡೂಣು.