ಮಿಲ್ಟ್ರಿಯವರು ಫೋನ್ ಮಾಡಬಾರದೇ?

ಮಾದಿಹಳ್ಳಿಯ ಹೋಟೆಲೊಂದರ ಗೋಡೆಗೆ, ಮನಸ್ಸಿನ ನೋವಿಗೆ ಫೋನಿನಲ್ಲೇ ನೆರವಾಗುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಎಂದು ಬರೆದ ಚೀಟಿ ಅಂಟಿಸಿದ್ದಕ್ಕೆ ಕೆಲವು ಮಾಜಿ ಸೈನಿಕರೇ ನನ್ನ ಮೇಲೆ ರೇಗಿದರು. ಹಿರಿಯರೆಂದು ಅಲ್ಲಿ ಬಾಯಿಮುಚ್ಚಿಕೊಂಡೆ. ಇಲ್ಲಿ ಹೇಳುತ್ತೇನೆ.

‘ಸಿಯಾಚಿನ್ ಕಂಡು ಬಂದವನಿಗೆ ಸಮಾಧಾನ ಹೇಳಿಸಿಕೊಳ್ಳೋ ದರ್ದೇನು?’ ಕಂಡು ಬಂದದ್ದಕ್ಕೇ ಬೇಕು ಸ್ವಾಮಿ. 2016ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಕುಸಿದಾಗ ತೀರಿಕೊಂಡ ಹತ್ತು ಮಂದಿಯಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಹೋದವರಿಗೆ ಹಾರ ಹಾಕಿದೆವು. ಅಂಥ ಕಡೆಯಿಂದ ಬದುಕಿ ಬಂದವರಿಗೆ ರಾತ್ರಿ ನಿದ್ದೆ ಹತ್ತುತ್ತದೆಯೇ ಎಂದು ನಮ್ಮಲ್ಲಿ ಯಾರು ಕೇಳಿದ್ದೇವೆ?

‘ಬೆಂಗಳೂರಲ್ಲಿ ಕೂತ ಹುಡುಗಿಗೆ ಗಡಿ ಏನು ಗೊತ್ತು?’ ಗೊತ್ತಿಲ್ಲದಿರಬಹುದು. ಆಕೆ ಕೇಳುವುದು ಗಡಿಯ ವಿಷಯವನ್ನಲ್ಲ. ಊಟ ಆಯಿತಾ, ಮನೆಯಲ್ಲಿ ಯಾರಿದ್ದಾರೆ ಎಂದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಟೆಲಿ-ಮಾನಸ್‌ಗೆ ನಿಮ್ಹಾನ್ಸೇ ಮೂಲಸ್ಥಾನ. ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚಕರ ಕೈಮೀರಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಸೇನೆಯವರಿಗೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ಘಟಕವೂ ತೆರೆಯಿತು. ಸೇನೆಗೇ ಬೇಕೆನಿಸಿದ್ದು ನಿಮಗೆ ನಾಚಿಕೆಯೇ?

ಫೋನ್ ಮಾಡಿದರೆ ಪೆನ್ಷನ್ ನಿಂತುಹೋಗುತ್ತದೆ ಎಂಬ ಗುಲ್ಲಿಗೆ ಹೆಚ್ಚು ಮಾತು ದಂಡ. ಅದು ನೀವು ದುಡಿದ ಹಣ. ನಿಮ್ಮ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ; ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಲ್ಲಷ್ಟೇ ಅದಕ್ಕೆ ವಿನಾಯಿತಿ.

‘ಸಾಯೋ ಮಾತು ಎತ್ತಿದರೆ ಇಲ್ಲದ ಯೋಚನೆ ಹುಟ್ಟುತ್ತೆ’ ಎಂಬುದೇ ಬಲವಾದ ಆಕ್ಷೇಪ. ನಾನೂ ಹಾಗೇ ನಂಬಿದ್ದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬಂದು ಮನಸ್ಸು ಹಗುರಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಸಮಾಲೋಚಕರು ಸುತ್ತುಬಳಸದೆ ಕೇಳುತ್ತಾರೆ. ಮನೆಯಲ್ಲಿ ಕೋವಿ ಇದೆಯೇ ಎಂದು ಕೇಳಿದರೂ ಮುನಿಸಿಕೊಳ್ಳಬೇಡಿ. ಬ್ಯಾಂಕಿನ ಗಾರ್ಡ್ ಕೆಲಸಕ್ಕೆಂದು ಲೈಸೆನ್ಸ್ ಮಾಡಿಸಿದವರು ನಮ್ಮಲ್ಲೇ ಇದ್ದಾರೆ. ಚುನಾವಣೆ ಬಂತೆಂದರೆ ಆ ಕೋವಿಯನ್ನು ಚೀಲಕ್ಕೆ ಹಾಕಿ, ಠಾಣೆಗೆ ಒಪ್ಪಿಸಿ, ರಸೀದಿ ಮಡಚಿ ಜೇಬಿಗಿಡುತ್ತೀರಿ. ಆಗ ಯಾರ ಮಾನವೂ ಹೋಗುವುದಿಲ್ಲ. ಮನಸ್ಸು ಸರಿಯಿಲ್ಲದ ಒಂದೆರಡು ತಿಂಗಳೂ ಹಾಗೇ ಮಾಡಿದರಾಯಿತು.

‘ಬರೀ ಮಾತಿಂದ ಏನಾಗುತ್ತೆ?’ ಇದನ್ನು ಅರ್ಧ ಒಪ್ಪುತ್ತೇನೆ. ಫೋನು ಆ ರಾತ್ರಿಯನ್ನು ದಾಟಿಸುತ್ತದೆ, ಅಷ್ಟೆ. ಬೆಳಗಾದ ಮೇಲೆ ಹಾಸನದ ಆಸ್ಪತ್ರೆಗೆ ಒಬ್ಬರೇ ಹೋಗಲು ಮುಜುಗರವಾದರೆ ನನಗೆ ಹೇಳಿ. ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ಯಾರಾದರೂ ಕೇಳಿದರೆ ನನ್ನ ಮಂಡಿನೋವಿಗೆ ತೋರಿಸಿಕೊಂಡು ಬರಲು ಹೊರಟಿದ್ದೇವೆ ಎಂದರಾಯಿತು, ನೋವಂತೂ ಇದ್ದದ್ದೇ.