ಗುಂಡಿ ಒತ್ತಿದವನದೇ ತಪ್ಪೇ?

ಪಿಲ್ಲಗುಂಪೆ: ಬೆಳಗಿನ ಆರು ಗಂಟೆ. ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ರಾತ್ರಿ ಪಾಳಿಯವರು ಕಣ್ಣುಜ್ಜುತ್ತಾ ಹೊರಬರುವ ಹೊತ್ತು, ಬೆಳಗಿನ ಪಾಳಿಯವರು ಬಸ್ಸಿಳಿದು ಓಡುವ ಹೊತ್ತು. ಟೀ ಅಂಗಡಿ ಮುಂದೆ ಜನವೋ ಜನ. ಯಜಮಾನರ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕೈಯಲ್ಲಿ ಟೀ ಸೋಸುವ ಜಾಲರಿ. ಗಿರಾಕಿ ಫೋನು ಹಿಡಿದು ದುಡ್ಡು ಹಾಕುತ್ತಾನೆ. ಗಲ್ಲದ ಪಕ್ಕದ ಪುಟ್ಟ ಪೆಟ್ಟಿಗೆ ಹದಿನೈದು ರೂಪಾಯಿ ಬಂತೆಂದು ಕೂಗುತ್ತದೆ. ಯಜಮಾನರು ತಿರುಗಿಯೂ ನೋಡುವುದಿಲ್ಲ. ಕಿವಿಗೆ ಬಿತ್ತು, ಲೆಕ್ಕ ಮುಗೀತು.

ಅದೇ ಅಂಗಡಿಯ ಬೆಂಚಿನ ಮೇಲೆ ಗುತ್ತಿಗೆ ಕೆಲಸದ ಹುಡುಗನೊಬ್ಬ ಕೂತಿದ್ದಾನೆ. ಕೈಯಲ್ಲಿ ಫೋನು, ಫೋನಿನಲ್ಲಿ ಯಾವುದೋ ಅರ್ಜಿ. ಹೆಸರು ತುಂಬಿದ, ಊರು ತುಂಬಿದ, ಹುಟ್ಟಿದ ತಾರೀಕು ತುಂಬಿದ. ಕೊನೇ ಗುಂಡಿ ಒತ್ತಿದರೆ ಕೆಂಪಕ್ಷರದಲ್ಲಿ ಒಂದು ಸಾಲು ಇಂಗ್ಲಿಷು. ಏನು ತಪ್ಪು, ಎಲ್ಲಿ ತಪ್ಪು? ಊಹೂಂ, ಹೇಳುವುದಿಲ್ಲ. ತುಂಬಿದ್ದೆಲ್ಲಾ ಅಳಿಸಿಹೋಗಿದೆ. ಮೂರು ಸಲ ಹೀಗೇ ಆಯಿತು. “ನಂಗೆ ಓದು ಹತ್ತಲಿಲ್ಲ ಕಣಣ್ಣ, ಅದಕ್ಕೇ ಹಿಂಗೆ” ಎಂದು ಫೋನನ್ನು ಜೇಬಿಗಿಟ್ಟ. ಇನ್ನು ಅವನು ಸೈಬರ್ ಅಂಗಡಿಗೆ ಹೋಗಿ ನೂರು ರೂಪಾಯಿ ತೆತ್ತು ಅದೇ ಅರ್ಜಿಯನ್ನು ಬೇರೆಯವರ ಕೈಲಿ ತುಂಬಿಸಬೇಕು. ಜೊತೆಗೆ ಅರ್ಧ ದಿನದ ಕೂಲಿ ಖೋತಾ.

ಒಂದೇ ಅಂಗಡಿಯೊಳಗೆ ಎರಡು ಯಂತ್ರ. ಒಂದು, ಓದು ಬಾರದವರಿಗೂ ಕೆಲಸ ಮಾಡಿಕೊಟ್ಟಿತು. ಇನ್ನೊಂದು, ಎಸ್ಸೆಸ್ಸೆಲ್ಸಿ ಪಾಸಾದವನನ್ನೂ ದಡ್ಡ ಅನಿಸಿತು. ತಪ್ಪು ಯಾರದು?

ಹುಡುಗನದಂತೂ ಅಲ್ಲ. ಪೆಟ್ಟಿಗೆ ಮಾಡಿದವರು ಅಂಗಡಿಯವರ ಒದ್ದೆ ಕೈ ನೋಡಿ ಮಾಡಿದ್ದಾರೆ. ಅರ್ಜಿ ಮಾಡಿದವರು ಬೆಂಚಿನ ಮೇಲಿನ ಹುಡುಗನನ್ನು ನೋಡಲೇ ಇಲ್ಲ. ಹೀಗೆ ನೋಡುವುದಕ್ಕೆಂದೇ ಇವತ್ತು ಒಂದು ಕಸುಬಿದೆ, ಅದಕ್ಕೆ ಸಂಬಳವೂ ಇದೆ. ಬೆಂಗಳೂರಿನ ಕಂಪನಿಗಳಲ್ಲಿ ಆ ಕೆಲಸ ಮಾಡುವವರು ನೂರಾರು ಜನ. ಆದರೆ ಅಲ್ಲಿಂದ ಒಂದೆರಡು ಗಂಟೆ ಬಸ್ ಹಾದಿಯ ಪಿಲ್ಲಗುಂಪೆಯ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ.

ಇದ್ಯಾವ ಕಸುಬು?

ಹೆಸರು ಉದ್ದ: ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನ್. ಕಂಪನಿ ಹುಡುಗರು ಚುಟುಕಾಗಿ ಯುಎಕ್ಸ್ ಅಂತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಳಸುವವರ ಪಾಡು ನೋಡಿ ಸಾಮಾನು ರೂಪಿಸುವ ಕೆಲಸ. ಫೋನಿನ ಪರದೆಗೆ ಬಣ್ಣ ಹಚ್ಚುವುದೇ ಇದು ಎಂದು ಅನೇಕರು ತಿಳಿದಿದ್ದಾರೆ. ಬಣ್ಣ ಕೊನೆಯ ಮಾತು. ಮೊದಲ ಮಾತು, ಬಳಸುವವನು ಯಾರು, ಅವನ ಕೈಲಿ ಏನಿದೆ, ಅವನಿಗೆ ಏನು ಅವಸರ ಎಂಬುದು.

ಟೀ ಅಂಗಡಿ ಪೆಟ್ಟಿಗೆಯನ್ನೇ ತಗೊಳ್ಳಿ. ಫೋನಿನಿಂದ ಫೋನಿಗೆ ದುಡ್ಡು ಕಳಿಸುವ ಯುಪಿಐ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅಂಗಡಿಯವರಿಗೆ ಅದರಿಂದ ಅನುಕೂಲದ ಜೊತೆ ತಲೆನೋವೂ ಬಂತು. ಗಿರಾಕಿ ಫೋನು ತೋರಿಸಿ “ಹಾಕಿದೀನಿ ನೋಡಿ” ಅಂತಾನೆ. ತೋರಿಸಿದ್ದು ಇವತ್ತಿನದೋ, ಹಿಂದಿನ ವಾರದ ಚಿತ್ರವೋ? ನೋಡೋಣವೆಂದರೆ ಕೈ ತುಂಬ ಹಿಟ್ಟು. 2019ರಲ್ಲಿ ಪೇಟಿಎಂ ಕಂಪನಿ ಮಾತಾಡುವ ಪೆಟ್ಟಿಗೆ ತಂದಿತು, ಬೇರೆಯವರೂ ಹಿಂದೆಯೇ ತಂದರು. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದರು, ಅಷ್ಟೇ. ಆ ಒಂದು ಬದಲಾವಣೆಯಿಂದ ಅಂಗಡಿಯವರ ಅರ್ಧ ಜಗಳ ನಿಂತಿತು.

ಫೋನು, ಕಂಪ್ಯೂಟರು ಇದ್ದರೆ ಮಾತ್ರ ಈ ವಿದ್ಯೆ ಅಂತಲ್ಲ. ಇದೇ ಹೊಸಕೋಟೆ ತಾಲ್ಲೂಕಿನ ವೋಲ್ವೋ ಕಾರ್ಖಾನೆಯಿಂದ ಬೆಂಗಳೂರಿನ ರಸ್ತೆಗಿಳಿದ ತಗ್ಗು ನೆಲದ ಬಸ್ಸನ್ನು ನೆನೆಸಿಕೊಳ್ಳಿ. ಮಂಡಿನೋವಿನ ಅಜ್ಜಿ ಮೂರು ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ಒಳಗೆ ಕಾಲಿಡುತ್ತಾಳೆ. ಅದೂ ಈ ಲೆಕ್ಕದ್ದೇ. ಇನ್ನೊಂದು ಕಡೆ, ಬಸ್ಸಿನ ಹಣೆಯ ಮೇಲೆ ದೀಪದಕ್ಷರ ಓಡುತ್ತಾ ಇರುತ್ತದೆ. ಊರಿನ ಹೆಸರು ಪೂರ್ತಿ ಬರುವಷ್ಟರಲ್ಲಿ ಬಸ್ಸೇ ಹೊರಟಿರುತ್ತದೆ. “ಓದೋಕೆ ಬರಲ್ವೇನಮ್ಮ?” ಎಂದು ಬೈಸಿಕೊಳ್ಳುವವಳು ಮಾತ್ರ ಪ್ರಯಾಣಿಕಳು!

ತಪ್ಪು ಹೊರಿಸುವ ಚಾಳಿ

ಕೆಲಸಗಾರನ ಮೇಲೆ ತಪ್ಪು ಹೊರಿಸುವ ಚಾಳಿ ಎಲ್ಲಾ ದೇಶದಲ್ಲೂ ಇದೆ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ದೊಡ್ಡ ಅಪಘಾತವಾಯಿತು. ಅಲ್ಲಿನ ಫಲಕದ ಮೇಲೆ ಒಂದು ದೀಪ. ಅದು ಆರಿದ್ದನ್ನು ಕಂಡು ವಾಲ್ವು ಮುಚ್ಚಿದೆ ಎಂದು ಕೆಲಸಗಾರರು ನಂಬಿದರು. ನಿಜವಾಗಿ ಆ ದೀಪ ಹೇಳುತ್ತಿದ್ದದ್ದು ಮುಚ್ಚುವ ಆಜ್ಞೆ ಹೋಗಿದೆ ಎಂದಷ್ಟೇ. ವಾಲ್ವು ಬಾಯಿ ತೆರೆದೇ ಇತ್ತು. ನೀರು ಸೋರಿಹೋಯಿತು, ಸ್ಥಾವರದ ಒಡಲು ಅರ್ಧಂಬರ್ಧ ಕರಗಿತು. ಮೊದಲು ಬೈಸಿಕೊಂಡವರು ಪಾಳಿಯಲ್ಲಿದ್ದ ಕೆಲಸಗಾರರೇ.

ಆಮೇಲೆ ಕಾರಣ ಹುಡುಕಲು ಕರೆಸಿದವರಲ್ಲಿ ಡಾನ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರೂ ಇದ್ದರು. ದೋಷ ಫಲಕಗಳನ್ನು ಜೋಡಿಸಿದ ರೀತಿಯಲ್ಲಿದೆ, ಹೀಗೆ ಜೋಡಿಸಿದರೆ ಎಂಥ ಬುದ್ಧಿವಂತನೂ ಎಡವುತ್ತಾನೆ ಎಂಬ ತೀರ್ಮಾನಕ್ಕೆ ಅವರು ಬಂದರು. 1988ರಲ್ಲಿ ಬಾಗಿಲು, ನಲ್ಲಿ, ಒಲೆಯಂಥ ದಿನಬಳಕೆ ಸಾಮಾನುಗಳ ಬಗ್ಗೆ ಒಂದು ಪುಸ್ತಕ ಬರೆದರು. 1993ರಲ್ಲಿ ಆಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ ಯೂಸರ್ ಎಕ್ಸ್‌ಪೀರಿಯೆನ್ಸ್ ಎಂಬ ಮಾತನ್ನು ಸೇರಿಸಿಕೊಂಡರು. ಕಸುಬಿಗೆ ಹೆಸರು ಬಂದದ್ದು ಹೀಗೆ.

ಪಿಲ್ಲಗುಂಪೆಯ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೆಸ್ ಮಿಷನ್ನಿಗೆ ಒಂದೇ ಗುಂಡಿಯಿದ್ದರೆ ಒಂದು ಕೈ ಒತ್ತುತ್ತದೆ, ಇನ್ನೊಂದು ಕೈ ಅಡಿಗೆ ಸಿಗುತ್ತದೆ. ಎರಡು ಗುಂಡಿಯನ್ನು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ಸಾದರೆ ಬೆರಳು ಉಳಿಯುತ್ತದೆ. ಆಪರೇಟರ್ ಅಜಾಗರೂಕತೆ ಎಂದು ವರದಿ ಬರೆಯುವುದು ಸುಲಭ. ಎರಡನೇ ಗುಂಡಿ ಹಾಕಿಸುವುದಕ್ಕೆ ಮಾತ್ರ ದುಡ್ಡು ಬಿಚ್ಚಬೇಕು!

ನಮ್ಮವರೂ ಮಾಡಿದ್ದಾರೆ

ಇದೆಲ್ಲಾ ಅಮೆರಿಕದವರ ಶೋಕಿ ಎಂದು ಮೂಗು ಮುರಿಯಬೇಡಿ. ನಮ್ಮ ಮತಯಂತ್ರ ನೋಡಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಸಲ ಬಳಸಿದರು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಅದನ್ನು ತಯಾರಿಸುತ್ತವೆ. ಮುಂದೆ ಅದರ ರೂಪ ಕೂರಿಸಿದವರು ಮುಂಬೈ ಐಐಟಿಯ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಗುರುತಿನ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ದೀಪ ಹೊತ್ತುತ್ತದೆ, ಕೀ ಎಂದು ಸದ್ದಾಗುತ್ತದೆ. ಅಕ್ಷರ ಬಾರದ ಅಜ್ಜಿಗೂ ತನ್ನ ಓಟು ಬಿತ್ತೆಂದು ಗೊತ್ತಾಗುತ್ತದೆ. ಅಜ್ಜಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ.

ಇನ್ನೊಂದು ನಮ್ಮ ರಾಜ್ಯದ್ದೇ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ, 2001. ಆಗ ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪಹಣಿ ಕೈಗೆ ಸಿಗುತ್ತಿತ್ತು. ಆ ಕಿಟಕಿಯಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆಯೊಂದನ್ನು ಇಟ್ಟಿದ್ದರು. ಒಳಗೆ ಕೂತವನು ಏನು ಕುಟ್ಟುತ್ತಾನೋ ಹೊರಗೆ ನಿಂತವನಿಗೂ ಕಾಣಬೇಕೆಂಬ ಲೆಕ್ಕ. ಅಲ್ಲಿಯ ತನಕ ಶಾನುಭೋಗರ, ಗ್ರಾಮಲೆಕ್ಕಿಗರ ಪುಸ್ತಕ ರೈತನಿಗೆ ಬೆನ್ನು ಮಾಡಿಕೊಂಡೇ ಇತ್ತು. ಆ ಎರಡನೇ ಪರದೆಗೆ ಖರ್ಚಾದದ್ದು ಎಷ್ಟೋ, ಅದು ಕೊಟ್ಟ ಧೈರ್ಯ ಅದರ ನೂರು ಪಟ್ಟು.

ಅಂದ ಮೇಲೆ ನಮಗೆ ಬುದ್ಧಿ ಇಲ್ಲ ಅಂತಲ್ಲ. ಮನಸ್ಸು ಬಂದಾಗ ಮಾಡಿದ್ದೇವೆ, ಮಿಕ್ಕಾಗ ಎಸಿ ಕೋಣೆಯಲ್ಲಿ ಕೂತು ಮಾಡಿ ಊರ ಮೇಲೆ ಎಸೆದಿದ್ದೇವೆ.

ಕೆಲಸ ಹೇಗೆ ನಡೆಯುತ್ತೆ?

ಇದರಲ್ಲಿ ಐದಾರು ಬಗೆಯ ಕೆಲಸಗಾರರು. ಜನರ ನಡುವೆ ಹೋಗಿ ನೋಡಿ, ಕೇಳಿ, ಬರೆದುಕೊಂಡು ಬರುವವರು ಒಬ್ಬರು. ಯಾವ ಹೆಜ್ಜೆಯಾದ ಮೇಲೆ ಯಾವ ಹೆಜ್ಜೆ ಎಂದು ಕಾಗದದ ಮೇಲೆ ದಾರಿ ಹಾಕುವವರು ಇನ್ನೊಬ್ಬರು. ಪರದೆಯ ಅಕ್ಷರ, ಬಣ್ಣ, ಚಿತ್ರ ಕೂರಿಸುವವರು ಮತ್ತೊಬ್ಬರು. ಬರೀ ಮಾತು ಬರೆಯುವವರೂ ಇದ್ದಾರೆ. “ವಹಿವಾಟು ವಿಫಲವಾಗಿದೆ” ಎಂದು ಫೋನು ಹೇಳಿದರೆ ದಿನಸಿ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ನನ್ನ ದುಡ್ಡು ಹೋಯ್ತಾ, ಇದೆಯಾ? “ದುಡ್ಡು ಹೋಗಿಲ್ಲ, ನಿಮ್ಮ ಖಾತೆಯಲ್ಲೇ ಇದೆ, ಇನ್ನೊಮ್ಮೆ ಹಾಕಿ” ಎಂದು ಬರೆಯಲು ಕನ್ನಡ ಗೊತ್ತಿದ್ದರೆ ಸಾಲದು, ಅಂಗಡಿ ಗೊತ್ತಿರಬೇಕು.

ಕೊನೆಗೆ ಪರೀಕ್ಷೆ. ಬಳಸುವವರ ಕೈಗೇ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡುವುದು. ಹೇಳಿಕೊಡಬಾರದು. ಎಲ್ಲಿ ಬೆರಳು ತಡೆಯಿತು, ಎಲ್ಲಿ ಹುಬ್ಬು ಗಂಟಾಯಿತು, ಬರೆದುಕೊಳ್ಳಬೇಕು. ಇದಕ್ಕೆ ಸಾವಿರ ಜನ ಬೇಕಿಲ್ಲ. ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲೇ ಹೇಳಿದ್ದಾರೆ, ಐದು ಜನರ ಕೈಗೆ ಕೊಟ್ಟು ನೋಡಿದರೆ ಬಹುಪಾಲು ದೋಷ ಗೊತ್ತಾಗಿಬಿಡುತ್ತದೆ, ಸರಿಮಾಡಿ ಮತ್ತೆ ಐದು ಜನರಿಗೆ ಕೊಡಿ ಎಂದು. ಐದು ಜನ! ಪಿಲ್ಲಗುಂಪೆಯ ಟೀ ಅಂಗಡಿ ಬೆಂಚೊಂದು ಸಾಕು.

ಸೇರುವ ದಾರಿ

ಓದಿ ಸೇರುವ ದಾರಿಯೂ ಇದೆ. ಮುಂಬೈ ಐಐಟಿ ನಡೆಸುವ ಯುಸೀಡ್ ಪರೀಕ್ಷೆ 2015ರಿಂದ ಇದೆ. ದ್ವಿತೀಯ ಪಿಯುಸಿಯಲ್ಲಿ ಸೈನ್ಸೇ ಆಗಬೇಕೆಂದಿಲ್ಲ, ಆರ್ಟ್ಸ್, ಕಾಮರ್ಸ್ ಮಕ್ಕಳೂ ಬರೆಯಬಹುದು. 1961ರಲ್ಲಿ ಶುರುವಾದ ಅಹಮದಾಬಾದಿನ ಎನ್‌ಐಡಿ ತನ್ನದೇ ಪರೀಕ್ಷೆ ನಡೆಸುತ್ತದೆ. ಬೆಂಗಳೂರಿನ ತುಮಕೂರು ರಸ್ತೆ ಪಕ್ಕದಲ್ಲಿರುವ ಅದರ ಶಾಖೆಯಲ್ಲಿ ಡಿಗ್ರಿ ಆದವರಿಗೆ ಮುಂದಿನ ಓದು. ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ ಡಿಸೈನ್ ವಿಭಾಗವಿದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ನಿಜ. ಆದರೆ ಇಂಥ ಪರೀಕ್ಷೆಯೊಂದಿದೆ ಎಂಬ ಸುದ್ದಿಯೇ ಹಳ್ಳಿ ಕಡೆಯ ಪಿಯು ಕಾಲೇಜುಗಳ ನೋಟೀಸು ಬೋರ್ಡಿಗೆ ಬರುವುದಿಲ್ಲವಲ್ಲ!

ಪಿಯುಸಿಗೇ ನಿಂತವರ ಗತಿ? ಅವರಿಗೂ ಬಾಗಿಲು ಪೂರಾ ಮುಚ್ಚಿಲ್ಲ. ಡಿಗ್ರಿ ಕೇಳುವ ಕಂಪನಿ ಬಹಳ ಇವೆ, ಇಂಗ್ಲಿಷು ಕೇಳುವವು ಇನ್ನೂ ಬಹಳ. ಅದನ್ನು ಮುಚ್ಚಿಡುವುದು ತರವಲ್ಲ. ಆದರೂ ಈ ಕಸುಬಿನಲ್ಲಿ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಕೇಳುವುದು “ಏನು ಮಾಡಿದ್ದೀಯ, ತೋರಿಸು” ಎಂದು. ಊರಿನದೇ ಒಂದು ತಾಪತ್ರಯ ಹಿಡಿಯಿರಿ. ಡೇರಿಯ ಹಾಲಿನ ಚೀಟಿ, ರೇಷನ್ ಅಂಗಡಿ ಕ್ಯೂ, ಬಸ್ ನಿಲ್ದಾಣದ ವೇಳಾಪಟ್ಟಿ, ಯಾವುದಾದರೂ ಸರಿ. ಐದು ಜನ ಬಳಸುವುದನ್ನು ನೋಡಿ, ಬೇರೆ ರೀತಿ ಬರೆದು, ಮತ್ತೆ ಅವರ ಕೈಗೇ ಕೊಟ್ಟು, ಏನು ಸುಧಾರಿಸಿತೆಂದು ದಾಖಲು ಮಾಡಿ. ಅದೇ ನಿಮ್ಮ ಅರ್ಜಿ. ಪೆನ್ಸಿಲು, ಕಾಗದದಲ್ಲೇ ಶುರುವಾಗಬಹುದು. ಆಮೇಲೆ ಫಿಗ್ಮಾ ಎಂಬ ಸಾಧನವಿದೆ, ಶುರುವಿಗೆ ಪುಕ್ಕಟೆ ಸಿಗುತ್ತದೆ. ಮುಂಬೈ ಐಐಟಿಯ ಡಿ-ಸೋರ್ಸ್, ಸರ್ಕಾರದ ಎನ್‌ಪಿಟೆಲ್ ಪಾಠಗಳಿಗೂ ಕಾಸು ಕೊಡಬೇಕಿಲ್ಲ.

ಇದನ್ನು ಯಾಕೆ ಒತ್ತಿ ಹೇಳಬೇಕೆಂದರೆ, ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎಂದು ಲಕ್ಷಗಟ್ಟಲೆ ಕೇಳುವ ತರಬೇತಿ ಅಂಗಡಿಗಳು ಹುಟ್ಟಿಕೊಂಡಿವೆ. ಅವ್ವನ ಸರ ಅಡವಿಟ್ಟು ಅಲ್ಲಿಗೆ ಸುರಿಯುವ ಮೊದಲು ಪುಕ್ಕಟೆ ಪಾಠ ಕಲಿತು, ಒಂದು ಕೆಲಸ ಕೈಯಾರೆ ಮಾಡಿ ನೋಡಿ. ಬರೀ ಪರದೆ ಬಿಡಿಸುವ ಕೆಲಸವನ್ನು ಈಗ ಕೃತಕ ಬುದ್ಧಿಯ ಯಂತ್ರವೂ ಕ್ಷಣದಲ್ಲಿ ಮಾಡುತ್ತದೆ. ಬೆಂಚಿನ ಮೇಲೆ ಕೂತ ಹುಡುಗ ಯಾಕೆ ಫೋನು ಜೇಬಿಗಿಟ್ಟ ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಅವನ ಪಕ್ಕ ಕೂತವನಿಗೆ.

ಕಳ್ಳದಾರಿಯೂ ಇದೆ

ಇದೇ ವಿದ್ಯೆಯಿಂದ ಜೇಬನ್ನೂ ಕತ್ತರಿಸಬಹುದು. ಟಿಕೆಟ್ ಕಾಯ್ದಿರಿಸಲು ಹೋದರೆ ಕೇಳದ ವಿಮೆ ಮೊದಲೇ ಸೇರಿಕೊಂಡಿರುತ್ತದೆ. ಸೇರಲು ಒಂದು ಗುಂಡಿ, ಬಿಡಲು ಹತ್ತು ಗುಂಡಿ. ಇವಕ್ಕೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕೈಚಳಕವನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಮೋಸ ಹೋದವರು 1915ಕ್ಕೆ ಫೋನು ಮಾಡಿ ದೂರು ಹೇಳಬಹುದು. ಇಲ್ಲೂ ಅದೇ ಮಾತು. ಟಿಕ್ ತೆಗೆಯಲು ಮರೆತ ಪ್ರಯಾಣಿಕ ಮಂಕನಲ್ಲ, ಮರೆಯಲಿ ಎಂದೇ ಅದನ್ನು ಅಲ್ಲಿಟ್ಟವನು ಜಾಣ.

ಕೇಳುವುದು ಇಷ್ಟೇ

ಜನರಿಗಾಗಿ ಅರ್ಜಿ, ಆ್ಯಪು, ಬೋರ್ಡು ಮಾಡುವ ಯಾವುದೇ ಕಚೇರಿ ಉದ್ಘಾಟನೆಯ ಟೇಪು ಕತ್ತರಿಸುವ ಮೊದಲು ಅದನ್ನು ಇಂಥ ಒಂದು ಊರಿಗೆ ತರಲಿ. ಗುತ್ತಿಗೆ ಹುಡುಗ, ಗಾರ್ಮೆಂಟ್ಸ್ ಹೆಣ್ಣುಮಗಳು, ದಿನಸಿ ಅಂಗಡಿಯವರು, ಹೊಲದ ಯಜಮಾನರು, ಬಸ್ಸಿಗೆ ಕಾಯುವ ಅಜ್ಜಿ, ಈ ಐವರ ಕೈಗೆ ಕೊಟ್ಟು ಸುಮ್ಮನೆ ನೋಡಲಿ. ನೋಡಿ ಬರೆದುಕೊಳ್ಳಲು ಇಲ್ಲಿನ ಪಿಯು ಮಕ್ಕಳನ್ನೇ ಕೂಲಿ ಕೊಟ್ಟು ಇಟ್ಟುಕೊಳ್ಳಲಿ. ತಾಲ್ಲೂಕಿನ ಕಾಲೇಜುಗಳು ಡಾಕ್ಟರು, ಎಂಜಿನಿಯರು ಪಟ್ಟಿಯ ಜೊತೆಗೆ ಈ ಕಸುಬಿನ ಹೆಸರನ್ನೂ ಒಂದು ಸಲ ಮಕ್ಕಳ ಕಿವಿಗೆ ಹಾಕಲಿ.

ಖರ್ಚು? ಐದು ಟೀ ಮತ್ತು ಒಂದು ಬೆಳಗಿನ ಹೊತ್ತು. ಉಳಿಯುವುದು, ದಿನಾ ಸೈಬರ್ ಅಂಗಡಿಗೆ ಹೋಗುವ ನೂರು ರೂಪಾಯಿ, ಅರ್ಧ ದಿನದ ಕೂಲಿ. ಜೊತೆಗೆ, ತನಗೆ ಓದು ಹತ್ತಲಿಲ್ಲ ಎಂದು ತಲೆ ತಗ್ಗಿಸಿದ ಹುಡುಗನ ಮರ್ಯಾದೆ.

ಸಂಬಂಧಪಟ್ಟವರು ಒಂದು ಬೆಳಿಗ್ಗೆ ಪಿಲ್ಲಗುಂಪೆಗೆ ಬಂದು ಟೀ ಕುಡಿಯುವರೇ?